ಗಣಿಗೆ ಯಾವ ಗ್ರೇಡರ್? ಬ್ಲೇಡಿನ ಉದ್ದವೊಂದೇ ಮಾನದಂಡವಲ್ಲ

ತೆರೆದ ಗಣಿಗೆ ಭೇಟಿ ನೀಡುವವರ ಕಣ್ಣು ಮೊದಲು ಹೋಗುವುದು ಅದಿರು ತೋಡುವ ಶವೆಲ್‌ಗಳ ಕಡೆಗೆ, ಆಮೇಲೆ ನೂರಾರು ಟನ್ ಹೊತ್ತು ಸಾಗುವ ಡಂಪರ್‌ಗಳ ಕಡೆಗೆ. ಇವೆರಡರ ನಡುವೆ ಗಂಟೆಗೆ ಏಳೆಂಟು ಕಿ.ಮೀ. ವೇಗದಲ್ಲಿ ರಸ್ತೆ ಕೆರೆಯುತ್ತ ಹೋಗುವ ಮೋಟಾರ್ ಗ್ರೇಡರ್ ಯಾರ ಗಮನವನ್ನೂ ಸೆಳೆಯುವುದಿಲ್ಲ. ದಿನದ ಉತ್ಪಾದನಾ ಪಟ್ಟಿಯಲ್ಲಿ ಅದರ ಹೆಸರೂ ಇರುವುದಿಲ್ಲ. ಒಂದು ಟನ್ ಅದಿರನ್ನೂ ಸಾಗಿಸದ ಈ ಯಂತ್ರದ ಖರೀದಿ ಪ್ರಸ್ತಾವ ಹಲವೆಡೆ ಕಡತದ ತಳ ಸೇರುವುದಕ್ಕೆ ಇದೇ ಕಾರಣ. ಆದರೆ ಅದು ಎರಡು ದಿನ ಕೆಟ್ಟು ನಿಂತರೆ ಇಡೀ ಗಣಿಯ ಡೀಸೆಲ್ ಲೆಕ್ಕ, ಟೈರ್ ಲೆಕ್ಕ ಮತ್ತು ಚಾಲಕರ ಬೆನ್ನುಮೂಳೆ ಮೂರೂ ಏರುಪೇರಾಗುತ್ತವೆ.

ಗ್ರೇಡರ್‌ನ ರಚನೆ ಸರಳ. ಮುಂದೆ ಎರಡು, ಹಿಂದೆ ನಾಲ್ಕು ಚಕ್ರ. ನಡುವಿನ ಉದ್ದನೆಯ ಚೌಕಟ್ಟಿನ ಕೆಳಗೆ ವೃತ್ತಾಕಾರದ ಚಕ್ರಕ್ಕೆ ತೂಗುಹಾಕಿದ ಉಕ್ಕಿನ ಬ್ಲೇಡ್. ಅದನ್ನು ಏರಿಸಬಹುದು, ಇಳಿಸಬಹುದು, ಓರೆಯಾಗಿ ತಿರುಗಿಸಬಹುದು, ಬದಿಗೆ ಚಾಚಬಹುದು. ರಸ್ತೆಯ ಉಬ್ಬನ್ನು ಕತ್ತರಿಸಿ ತಗ್ಗಿಗೆ ತುಂಬುವುದು, ನೀರು ಹರಿದುಹೋಗುವಂತೆ ಮೇಲ್ಮೈಗೆ ಓಟ ಕೊಡುವುದು, ಡಂಪರ್‌ಗಳಿಂದ ಬಿದ್ದ ಕಲ್ಲುಗಳನ್ನು ಅಂಚಿಗೆ ತಳ್ಳುವುದು, ಚರಂಡಿ ತೆಗೆಯುವುದು ಅದರ ಕೆಲಸ.

ಡಾಂಬರು ರಸ್ತೆ ಹಾಕುವ ಗುತ್ತಿಗೆದಾರರ ಬಳಿ ಇರುವ ಗ್ರೇಡರ್‌ಗಳ ಬ್ಲೇಡ್ ಸಾಮಾನ್ಯವಾಗಿ 12ರಿಂದ 14 ಅಡಿ. ಗಣಿಯ ದೊಡ್ಡ ಗ್ರೇಡರ್‌ಗಳ ಲೋಕ ಆರಂಭವಾಗುವುದು 16 ಅಡಿಯಿಂದ. ಅಲ್ಲಿಂದ 18 ಅಡಿ, ಬಳಿಕ ಒಮ್ಮೆಲೇ 24 ಅಡಿ. ಇವುಗಳಲ್ಲಿ ಯಾವುದನ್ನು ಆಯ್ದುಕೊಳ್ಳಬೇಕು ಎಂಬುದೇ ಪ್ರಶ್ನೆ.

ಐದು ಸೆಂಟಿಮೀಟರ್‌ನ ಬೆಲೆ

ಮೊದಲು ರಸ್ತೆಯ ಲೆಕ್ಕ ನೋಡೋಣ. ಗಟ್ಟಿಯಾದ, ನಯವಾದ ಗಣಿ ರಸ್ತೆಯಲ್ಲಿ ಚಕ್ರ ಉರುಳಲು ವಾಹನದ ಒಟ್ಟು ತೂಕದ ಸುಮಾರು ಶೇ 2ರಷ್ಟು ಬಲ ಬೇಕು. ಇದನ್ನು ಉರುಳು ಪ್ರತಿರೋಧ ಎನ್ನುತ್ತಾರೆ. ಟೈರ್ ನೆಲದಲ್ಲಿ ಒಂದು ಸೆಂಟಿಮೀಟರ್ ಹೂತರೆ ಇದಕ್ಕೆ ಮತ್ತೆ ಶೇ 0.6 ಸೇರುತ್ತದೆ ಎಂಬುದು ಗಣಿ ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತ ಬಂದಿರುವ ಸೂತ್ರ. ಮಳೆಗೆ ಮೆತ್ತಗಾದ ರಸ್ತೆಯಲ್ಲಿ ಟೈರ್ 5 ಸೆಂ.ಮೀ. ಇಳಿಯಿತೆನ್ನಿ, ಶೇ 2 ಇದ್ದದ್ದು ಶೇ 5 ಆಗುತ್ತದೆ.

90 ಟನ್ ಹೊರುವ ಡಂಪರ್ ತುಂಬಿದಾಗ ಸುಮಾರು 160 ಟನ್ ತೂಗುತ್ತದೆ. ಶೇ 3ರ ಹೆಚ್ಚಳವೆಂದರೆ ಸುಮಾರು 5 ಟನ್ ಹೆಚ್ಚುವರಿ ಎಳೆತ. ಗಣಿಯ ರಸ್ತೆ 16 ಮೀಟರಿಗೆ ಒಂದು ಮೀಟರಿನಂತೆ ಏರುತ್ತಿದ್ದರೆ, ಅಂದರೆ ಶೇ 6.25ರ ಏರು ಇದ್ದರೆ, ಒಟ್ಟು ಪ್ರತಿರೋಧ ಶೇ 8.25ರಿಂದ ಶೇ 11.25ಕ್ಕೆ ಜಿಗಿಯುತ್ತದೆ. ಎಂಜಿನ್ ಅದೇ, ಹೊರೆಯೂ ಅದೇ. ಆದರೂ ಆ ಏರನ್ನು ಹತ್ತಲು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಮಯ, ಹೆಚ್ಚುಕಡಿಮೆ ಅಷ್ಟೇ ಹೆಚ್ಚುವರಿ ಡೀಸೆಲ್ ಬೇಕಾಗುತ್ತದೆ. ದಿನವಿಡೀ ಓಡುವ ಇಪ್ಪತ್ತು ಡಂಪರ್‌ಗಳಿಗೆ ಇದನ್ನು ಗುಣಿಸಿಕೊಂಡರೆ ಗ್ರೇಡರ್‌ನ ಬೆಲೆ ದುಬಾರಿ ಎನ್ನಿಸದು.

ಟೈರ್‌ನದ್ದು ಇನ್ನೊಂದು ಕತೆ. ರಸ್ತೆಗೆ ಬಿದ್ದ ಒಂದು ಚೂಪು ಕಲ್ಲು, ಸವೆಯಲು ಇನ್ನೂ ಸಾವಿರಾರು ಗಂಟೆ ಬಾಕಿ ಇರುವ ಟೈರನ್ನು ಕೊಯ್ದು ಹಾಕಬಲ್ಲದು. 2005ರ ನಂತರ ಕೆಲವು ವರ್ಷ ವಿಶ್ವದಾದ್ಯಂತ ಗಣಿ ಟೈರ್‌ಗಳ ತೀವ್ರ ಕೊರತೆ ಉಂಟಾದಾಗ, ಹಣ ಕೊಟ್ಟರೂ ಟೈರ್ ಸಿಗದ ಸ್ಥಿತಿ ಇತ್ತು. ರಸ್ತೆ ನಿರ್ವಹಣೆಯ ಮಹತ್ವ ಹಲವು ಗಣಿ ಆಡಳಿತಗಳಿಗೆ ಮನವರಿಕೆಯಾದದ್ದು ಆಗಲೇ.

ಮಾರುಕಟ್ಟೆಯಲ್ಲಿ ಏನಿದೆ?

16 ಅಡಿ ವರ್ಗದಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್‌ನ '16' ಬಹುಕಾಲದಿಂದ ಪ್ರಮುಖ ಹೆಸರು. ಬ್ಲೇಡ್ 4.9 ಮೀಟರ್, ತೂಕ ಸುಮಾರು 32 ಟನ್, ಶಕ್ತಿ 290 ಅಶ್ವಶಕ್ತಿಯ ಆಸುಪಾಸು. ಜಪಾನಿನ ಕೊಮಾಟ್ಸುವಿನ ಜಿಡಿ825 ಇದರ ನೇರ ಪ್ರತಿಸ್ಪರ್ಧಿ. 280 ಅಶ್ವಶಕ್ತಿಯ ಈ ಯಂತ್ರದ ಬ್ಲೇಡ್ 4.88 ಮೀಟರ್, ತೂಕ ತುಸು ಕಡಿಮೆ, ಅಂದರೆ 26 ಟನ್‌ಗೂ ಮೇಲೆ. ಕರ್ನಾಟಕದ ಓದುಗರಿಗೆ ಹೆಚ್ಚು ಪರಿಚಿತವಾದ ಬಿಇಎಂಎಲ್ ಕೂಡ 280 ಅಶ್ವಶಕ್ತಿಯ ಬಿಜಿ825 ಗ್ರೇಡರ್ ತಯಾರಿಸುತ್ತದೆ. 1964ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಈ ಸಾರ್ವಜನಿಕ ಉದ್ಯಮದ ಕಾರ್ಖಾನೆಗಳು ಕೆಜಿಎಫ್ ಮತ್ತು ಮೈಸೂರುಗಳಲ್ಲೂ ಇವೆ. ಕೊಮಾಟ್ಸು ಜತೆ ಅದು ಹಿಂದೆ ತಾಂತ್ರಿಕ ಒಪ್ಪಂದ ಹೊಂದಿತ್ತು ಎಂಬುದನ್ನು ಮಾದರಿಯ ಸಂಖ್ಯೆಯ ಸಾಮ್ಯವೇ ನೆನಪಿಸುತ್ತದೆ.

18 ಅಡಿ ವರ್ಗ ಹೊಸದು. ಕ್ಯಾಟರ್‌ಪಿಲ್ಲರ್‌ನ '18' ಹೆಚ್ಚೂಕಡಿಮೆ ಉದ್ದ ಬ್ಲೇಡಿನ '16' ಇದ್ದಂತೆ. 2016ರಲ್ಲಿ ಕೊಮಾಟ್ಸು ಅನಾವರಣಗೊಳಿಸಿದ ಜಿಡಿ955 ಹಾಗಲ್ಲ. ಸುಮಾರು 44 ಟನ್ ತೂಕದ, 400 ಅಶ್ವಶಕ್ತಿ ಮೀರಿದ ಈ ಯಂತ್ರ 16 ಮತ್ತು 24 ಅಡಿಗಳ ನಡುವಿನ ದೊಡ್ಡ ಕಂದಕವನ್ನು ತುಂಬಲು ಬಂದದ್ದು.

ತುತ್ತತುದಿಯಲ್ಲಿರುವುದು ಕ್ಯಾಟರ್‌ಪಿಲ್ಲರ್‌ನ '24'. ಬ್ಲೇಡ್ 7.3 ಮೀಟರ್, 535 ಅಶ್ವಶಕ್ತಿ, ತೂಕ ಸುಮಾರು 73 ಟನ್. ಇದಕ್ಕಿಂತ ದೊಡ್ಡವು ಇರಲಿಲ್ಲವೆಂದಲ್ಲ. ಕೆನಡಾದ ಚಾಂಪಿಯನ್ ಕಂಪನಿ 1975ರಲ್ಲೇ 700 ಅಶ್ವಶಕ್ತಿಯ '100-ಟಿ' ಗ್ರೇಡರ್ ಹೊರತಂದಿತ್ತು. ಇಟಲಿಯಲ್ಲಿ 1980ರ ದಶಕದ ಆರಂಭದಲ್ಲಿ ನಿರ್ಮಾಣವಾದ ದೈತ್ಯ ಅಕ್ಕೊ ಗ್ರೇಡರ್ ಲಿಬಿಯಾಕ್ಕೆ ಹೊರಡಬೇಕಿತ್ತು. ವ್ಯಾಪಾರ ನಿರ್ಬಂಧದಿಂದಾಗಿ ಅದು ಹುಟ್ಟಿದೂರಲ್ಲೇ ಉಳಿಯಿತು.

ಎಷ್ಟು ಬಾರಿ ಓಡಾಡಬೇಕು?

ಮಾರಾಟ ಪ್ರತಿನಿಧಿಗಳು ಮೊದಲು ಮುಂದಿಡುವುದು ಬ್ಲೇಡಿನ ಉದ್ದವನ್ನು. ಆದರೆ ಬ್ಲೇಡ್ ಎಂದೂ ನೇರವಾಗಿ ನಿಂತು ಕೆಲಸ ಮಾಡುವುದಿಲ್ಲ. ಸಾಮಾನ್ಯವಾಗಿ 30 ಡಿಗ್ರಿ ಓರೆಯಾಗಿರುತ್ತದೆ. ಒಂದು ಸಾಲಿನ ಮೇಲೆ ಇನ್ನೊಂದು ಸಾಲು 60 ಸೆಂ.ಮೀ.ನಷ್ಟು ಹಾಯಬೇಕು. ಇದನ್ನೆಲ್ಲ ಕಳೆದರೆ 16 ಅಡಿ ಬ್ಲೇಡಿನಿಂದ ನಿಜಕ್ಕೂ ದಕ್ಕುವುದು 3.6 ಮೀಟರ್. 18 ಅಡಿಯಿಂದ ಸುಮಾರು 4.2, 24 ಅಡಿಯಿಂದ 5.7 ಮೀಟರ್.

ಈಗ ರಸ್ತೆಯ ಅಗಲ. ಎರಡೂ ದಿಕ್ಕಿಗೆ ವಾಹನ ಓಡುವ ರಸ್ತೆ, ಅಲ್ಲಿ ಸಂಚರಿಸುವ ಅತಿ ದೊಡ್ಡ ವಾಹನದ ಅಗಲದ ಮೂರು ಪಟ್ಟು ಮತ್ತು ಅದರ ಮೇಲೆ 5 ಮೀಟರ್‌ಗಿಂತ ಕಡಿಮೆ ಇರಬಾರದು ಎನ್ನುತ್ತದೆ 2017ರ ಕಲ್ಲಿದ್ದಲು ಗಣಿ ನಿಯಮಾವಳಿ. 90 ಟನ್ ಡಂಪರ್ ಸುಮಾರು 6 ಮೀಟರ್ ಅಗಲ. ಹೀಗಾಗಿ ರಸ್ತೆ 23 ಮೀಟರ್. ಇದನ್ನು ಪೂರ್ತಿ ಸಮಗೊಳಿಸಲು 16 ಅಡಿಯ ಗ್ರೇಡರ್ 7 ಬಾರಿ, 18 ಅಡಿಯದ್ದು 6 ಬಾರಿ, 24 ಅಡಿಯದ್ದು 4 ಬಾರಿ ಓಡಬೇಕು. 3 ಕಿ.ಮೀ. ರಸ್ತೆಗೆ ಗಂಟೆಗೆ 8 ಕಿ.ಮೀ. ವೇಗದಲ್ಲಿ ಮೊದಲನೆಯದಕ್ಕೆ ಎರಡೂವರೆ ಗಂಟೆಗೂ ಹೆಚ್ಚು, ಕೊನೆಯದಕ್ಕೆ ಒಂದೂವರೆ ಗಂಟೆ. ತಿರುಗುವ ಸಮಯ ಬೇರೆ.

ವೇಗ ಹೆಚ್ಚಿಸಿದರೆ ಆಗದೇ ಎಂದು ಕೇಳಬಹುದು. ಆಗದು. ಮಿತಿ ಮೀರಿದರೆ ಯಂತ್ರ ಪುಟಿಯತೊಡಗಿ, ಸಮ ಮಾಡಬೇಕಾದ ರಸ್ತೆಯ ಮೇಲೆ ತಾನೇ ಅಲೆಗಳನ್ನು ಮೂಡಿಸುತ್ತದೆ. ಮರುದಿನ ಅದೇ ಅಲೆಗಳ ಮೇಲೆ ಡಂಪರ್ ಕುಣಿಯುತ್ತದೆ.

ಉದ್ದಕ್ಕಿಂತ ತೂಕ ಮುಖ್ಯ

ಮೇಲಿನ ಲೆಕ್ಕದಲ್ಲಿ ಒಂದು ಸಂಗತಿ ಗಮನಾರ್ಹ. '24'ರ ತೂಕ '16'ರ ಎರಡು ಪಟ್ಟಿಗೂ ಹೆಚ್ಚು. ಆದರೆ ಅದು ಸಮಗೊಳಿಸುವ ಪ್ರದೇಶ ಒಂದೂವರೆ ಪಟ್ಟು ಮಾತ್ರ. ಬರೀ ವಿಸ್ತಾರವೇ ಗುರಿಯಾಗಿದ್ದರೆ ಎರಡು '16'ಗಳು ಒಂದು '24'ಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಹಾಗಿದ್ದರೂ ದೈತ್ಯ ಯಂತ್ರಕ್ಕೆ ಗಿರಾಕಿಗಳು ಏಕೆ?

ಉತ್ತರ ಸಿಗುವುದು ಯಂತ್ರದ ತೂಕವನ್ನು ಬ್ಲೇಡಿನ ಉದ್ದದಿಂದ ಭಾಗಿಸಿದಾಗ. '16'ರಲ್ಲಿ ಬ್ಲೇಡಿನ ಪ್ರತಿ ಮೀಟರಿಗೆ 6.5 ಟನ್. ಜಿಡಿ825ರಲ್ಲಿ ಸುಮಾರು 5.4. ಜಿಡಿ955ರಲ್ಲಿ 8. '24'ರಲ್ಲಿ 10 ಟನ್. ಇಡೀ ತೂಕ ಬ್ಲೇಡಿನ ಮೇಲೆ ಬೀಳುವುದಿಲ್ಲವಾದರೂ ಹೋಲಿಕೆಗೆ ಇದು ಸಾಕು. ಮುನ್ನೂರು ಟನ್ ಹೊರುವ ಡಂಪರ್‌ಗಳು ಓಡಾಡಿದ ರಸ್ತೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅಲ್ಲಿ ಹಗುರ ಗ್ರೇಡರ್‌ನ ಬ್ಲೇಡ್ ನೆಲಕ್ಕೆ ಇಳಿಯದೆ ಮೇಲೆಯೇ ಜಾರುತ್ತದೆ. ನೋಡಲು ರಸ್ತೆ ಸಮವಾದಂತೆ ಕಂಡರೂ ಗುಂಡಿಗಳು ಸಡಿಲ ಮಣ್ಣಿನಿಂದ ಮುಚ್ಚಿರುತ್ತವೆ ಅಷ್ಟೆ. ಎರಡು ಪಾಳಿಯೊಳಗೆ ಅವು ಮತ್ತೆ ಬಾಯ್ತೆರೆಯುತ್ತವೆ. ಗುಂಡಿಯ ತಳದವರೆಗೆ ಕತ್ತರಿಸಿ ಮತ್ತೆ ಹರಡುವ ಯಂತ್ರವೇ ಅಲ್ಲಿಗೆ ಬೇಕು.

ಆದ್ದರಿಂದ ಆಯ್ಕೆ ಡಂಪರ್‌ನಿಂದ ಆರಂಭವಾಗಬೇಕು ಎಂಬುದೇ ಈ ಲೇಖನದ ವಾದ. 363 ಟನ್ ಹೊರುವ ಕ್ಯಾಟರ್‌ಪಿಲ್ಲರ್ 797 ಡಂಪರ್‌ನ ಅಗಲವೇ ಒಂಬತ್ತೂವರೆ ಮೀಟರ್. ಇಂಥವು ಓಡುವ ರಸ್ತೆ ಮೂವತ್ತು ಮೀಟರ್ ಮೀರುತ್ತದೆ. ಅಲ್ಲಿ '24' ವೈಭೋಗವಲ್ಲ, ಅಗತ್ಯ. ಭಾರತದಲ್ಲಿ 240 ಟನ್ ಡಂಪರ್‌ಗಳು ಓಡುವ ಛತ್ತೀಸ್‌ಗಢದ ಗೇವ್ರಾ ಕಲ್ಲಿದ್ದಲು ಗಣಿಯಂಥ ಕಡೆ ಈ ಚರ್ಚೆಗೆ ಅರ್ಥವಿದೆ. 100 ಟನ್‌ವರೆಗಿನ ಡಂಪರ್‌ಗಳಿಗೆ 16 ಅಡಿಯ ಯಂತ್ರವೇ ಯೋಗ್ಯ. ನಮ್ಮ ಬಳ್ಳಾರಿ–ಸಂಡೂರು ಭಾಗದಲ್ಲಿ ಟಿಪ್ಪರ್‌ಗಳನ್ನೇ ನೆಚ್ಚಿಕೊಂಡಿರುವ ಗಣಿಗಳಿಗೆ 14 ಅಡಿಯೇ ಸಾಕಾಗಬಹುದು. ಅಲ್ಲಿ ಕೊರತೆ ಇರುವುದು ಬ್ಲೇಡಿಗಲ್ಲ, ಬ್ಲೇಡಿನ ಹಿಂದೆ ಬರಬೇಕಾದ ನೀರಿನ ಟ್ಯಾಂಕರ್‌ಗೆ. ಒಣ ನೆಲವನ್ನು ಎಷ್ಟು ಕೆರೆದರೂ ಏಳುವುದು ಕೆಂಪು ಧೂಳೇ.

ಒಂದೋ, ಎರಡೋ?

ಒಂದು '24' ಬದಲು ಎರಡು '16' ಕೊಂಡರೆ ಇಬ್ಬರು ಚಾಲಕರು ಬೇಕು. ಮೂರು ಪಾಳಿಗೆ ಆರು ಜನ. ಆದರೆ ಒಂದು ದುರಸ್ತಿಗೆ ಹೋದಾಗ ಇನ್ನೊಂದಾದರೂ ರಸ್ತೆಯಲ್ಲಿರುತ್ತದೆ. ಒಂದು ಮುಖ್ಯ ರಸ್ತೆಯಲ್ಲಿದ್ದರೆ ಮತ್ತೊಂದನ್ನು ತ್ಯಾಜ್ಯ ಸುರಿಯುವ ಜಾಗಕ್ಕೆ ಕಳುಹಿಸಬಹುದು. ಬಿಡಿಭಾಗ ವಿದೇಶದಿಂದ ಬರಬೇಕಾದ ಗಣಿಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಕಿರಿದಾದ ಬೆಂಚುಗಳಲ್ಲಿ, ಕಡಿದಾದ ತಿರುವುಗಳಲ್ಲಿ ಸಣ್ಣ ಯಂತ್ರವೇ ಚುರುಕು. ಮಾರಬೇಕಾದಾಗಲೂ 16 ಅಡಿಯ ಗ್ರೇಡರ್‌ಗೆ ಕೊಳ್ಳುವವರು ಸುಲಭವಾಗಿ ಸಿಗುತ್ತಾರೆ.

ಇದಕ್ಕೆ ಎದುರಾದ ವಾದ ಸುರಕ್ಷತೆಯದ್ದು. ಭಾರಿ ಡಂಪರ್‌ಗಳ ದಾರಿಯಲ್ಲಿ ನಿಧಾನವಾಗಿ ಚಲಿಸುವ ಗ್ರೇಡರ್ ಒಂದು ಅಡ್ಡಿಯೇ. ಹಿಂದಿನ ಡಂಪರ್‌ಗಳು ಸಾಲುಗಟ್ಟುತ್ತವೆ ಅಥವಾ ಬಳಸಿಕೊಂಡು ಮುಂದೆ ಹೋಗುತ್ತವೆ. ಡಂಪರ್ ಚಾಲಕನ ಆಸನ ಅಷ್ಟೆತ್ತರದಲ್ಲಿದ್ದು, ವಾಹನದ ಬುಡದಲ್ಲಿರುವುದು ಅವನಿಗೆ ಕಾಣುವುದಿಲ್ಲ. 7 ಬಾರಿ ಓಡುವ ಬದಲು 4 ಬಾರಿ ಓಡಿದರೆ ಅಪಾಯದ ಗಳಿಗೆಗಳೂ ಅಷ್ಟು ಕಡಿಮೆ. ಯಾವ ಯಂತ್ರವಾದರೂ ಎತ್ತರದ ಕಂಬದ ಮೇಲೆ ಮಿನುಗುವ ದೀಪ, ಹಿನ್ನೋಟದ ಕ್ಯಾಮೆರಾ, ರೇಡಿಯೊ ಸಂಪರ್ಕ ಇಲ್ಲದೆ ಅದನ್ನು ರಸ್ತೆಗಿಳಿಸುವುದು ತರವಲ್ಲ.

ಚಾಲಕನ ಮಾತೂ ಕೇಳಬೇಕು. 2000ರ ದಶಕದ ಉತ್ತರಾರ್ಧದಲ್ಲಿ ಕ್ಯಾಟರ್‌ಪಿಲ್ಲರ್ ಸ್ಟೀರಿಂಗ್ ಚಕ್ರ ಮತ್ತು ಸನ್ನೆಗಳ ಸಾಲನ್ನು ತೆಗೆದು ಎರಡು ಜಾಯ್‌ಸ್ಟಿಕ್ ಅಳವಡಿಸಿತು. ಕೈ, ಭುಜಗಳಿಗೆ ಶ್ರಮ ಕಡಿಮೆಯಾಯಿತು. ಆದರೆ ಇಪ್ಪತ್ತು ವರ್ಷ ಸನ್ನೆಗಳಲ್ಲೇ ಕೈ ಪಳಗಿಸಿಕೊಂಡ ಚಾಲಕನಿಗೆ ಅದು ಹೊಸ ವಿದ್ಯೆ. ತರಬೇತಿಯ ಅವಧಿಯನ್ನು ಖರೀದಿ ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಒಳಿತು.

ಒಪ್ಪಂದಕ್ಕೆ ಮುನ್ನ ಯಂತ್ರವನ್ನು ಮಾರಾಟಗಾರರ ಅಂಗಳದಲ್ಲಿ ಅಲ್ಲ, ತಮ್ಮದೇ ಗಣಿಯ ಅತಿ ಗಟ್ಟಿಯಾದ ರಸ್ತೆಯ ಮೇಲೆ, ಸಾಧ್ಯವಾದರೆ ಮಳೆಗಾಲದಲ್ಲೊಮ್ಮೆ, ಓಡಿಸಿ ನೋಡಬೇಕು. ಬ್ಲೇಡಿನ ಕೆಳ ಅಂಚಿಗೆ ಬೋಲ್ಟ್ ಹಾಕಿ ಕೂರಿಸುವ ಉಕ್ಕಿನ ಪಟ್ಟಿ ಎಷ್ಟು ಗಂಟೆಗೆ ಸವೆಯುತ್ತದೆ, ಅದನ್ನು ಬದಲಿಸಲು ಎಷ್ಟು ಹೊತ್ತು ಬೇಕು, ಅದು ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆ ಕೇಳಬೇಕು. ಕಬ್ಬಿಣದ ಅದಿರಿನ ನೆಲದಲ್ಲಿ ಈ ಪಟ್ಟಿ ಬಹುಬೇಗ ಸವೆಯುತ್ತದೆ. ಸಕಾಲಕ್ಕೆ ಬದಲಿಸದಿದ್ದರೆ ಮುಂದಿನ ಸವೆತ ಬ್ಲೇಡಿನದ್ದೇ. ಆಗ ಬದಲಿಸಬೇಕಾದದ್ದು ಪಟ್ಟಿಯನ್ನಲ್ಲ, ಇಡೀ ಬ್ಲೇಡನ್ನು.