ತಂತ್ರಾಂಶದ ಮೂಟೆ ಕಟ್ಟಿದ ಬಗೆ

ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಿಂದ ಹೊರಡುವ ಮೂಟೆಗೆ ಗೊತ್ತಾದ ಒಂದು ತೂಕವಿರುವುದರಿಂದಲೇ ಹೊರುವ ಹಮಾಲಿಯೂ ಕೊಳ್ಳುವ ವರ್ತಕನೂ ಅದನ್ನು ಬಿಚ್ಚದೆ ಲೆಕ್ಕ ಹಾಕಬಲ್ಲರು. ತಂತ್ರಾಂಶದ ಲೈಬ್ರರಿಗಳನ್ನು ಲೋಕಕ್ಕೆ ಹಂಚುವವರಾದರೋ ಅಂತಹ ಸರ್ವಸಮ್ಮತವಾದ ಮೂಟೆಯೊಂದನ್ನು ನಿಶ್ಚಯಿಸಿಕೊಳ್ಳಲು ದಶಕಗಳನ್ನೇ ಸವೆಸಬೇಕಾಯಿತು.

ಈ ಪರಂಪರೆಯ ಹಿರಿಯ ಕಟ್ಟುಗಳಲ್ಲೊಂದಾದ 'ಟಾರ್' 1979ರಲ್ಲಿ, ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಬಂದಿತು. ಕಾಂತೀಯ ಟೇಪಿನ ಮೇಲೆ ಕಡತಗಳನ್ನು ಒಂದರ ಹಿಂದೊಂದಾಗಿ ಬರೆಯಲೆಂದೇ ಹುಟ್ಟಿದ ಅದರಲ್ಲಿ ಪ್ರತಿಯೊಂದು ಕಡತದ ಮುಂದೆಯೂ 512 ಬೈಟುಗಳ ಶಿರೋಲೇಖವಿರುವುದೇ ಹೊರತು ಸಮಗ್ರವಾದ ಸೂಚಿಯೆಂಬುದಿಲ್ಲ. ಆದುದರಿಂದ ಕಟ್ಟಿನೊಳಗೆ ಏನೇನಿದೆಯೆಂದು ತಿಳಿಯಬಯಸುವವನು ಮೊದಲಿನಿಂದ ಕೊನೆಯವರೆಗೆ ಸಾಗಿಯೇ ತೀರಬೇಕು. 1989ರಲ್ಲಿ ಅಮೆರಿಕದ ಫಿಲ್ ಕ್ಯಾಟ್ಜ್ ರೂಪಿಸಿದ 'ಜಿಪ್' ಸೂಚಿಯನ್ನು ಕಟ್ಟಿನ ತುದಿಯಲ್ಲಿರಿಸಿ ಈ ಕೊರತೆಯನ್ನು ನೀಗಿತು. ಅದರ ವಿವರಣೆಯನ್ನು ಅವನು ಸರ್ವರಿಗೂ ತೆರೆದಿಟ್ಟುದು ನನ್ನ ದೃಷ್ಟಿಯಲ್ಲಿ ಆ ಜಾಣ್ಮೆಗಿಂತಲೂ ದೊಡ್ಡ ಕೆಲಸ. 1997ರಲ್ಲಿ ಜಾವಾ ಭಾಷೆಯವರು ತಂದ 'ಜಾರ್', ಪರಿಚಯಪತ್ರವೊಂದನ್ನು ಒಳಗಿರಿಸಿಕೊಂಡ ಜಿಪ್ಪೇ.

ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ಹಂಚುವ ಡೆಬಿಯನ್ ಬಳಗ ಹಳೆಯ ಕಟ್ಟುಗಳನ್ನೇ ಆಶ್ರಯಿಸಿತು. ಗುಬ್ಬಿ, ನವಿಲು ಎಂಬ ನಮ್ಮ ಕನ್ನಡ ಫಾಂಟುಗಳು ಆ ವ್ಯವಸ್ಥೆಯಲ್ಲಿ ಹಂಚಿಕೆಯಾಗುವ 'ಡೆಬ್' ಕಟ್ಟನ್ನು ಬಿಚ್ಚಿದರೆ, ಯುನಿಕ್ಸಿನಷ್ಟೇ ಪುರಾತನವಾದ 'ಎಆರ್' ಹೊದಿಕೆಯೊಳಗೆ, ಕಟ್ಟಿನ ಮಾದರಿಯ ಆವೃತ್ತಿಯ ಅಂಕಿಯನ್ನು ಹೇಳುವ ಪುಟ್ಟ ಕಡತವೊಂದೂ, ಅನುಸ್ಥಾಪನೆಯ ವಿವರವನ್ನುಳ್ಳ ಟಾರ್ ಒಂದೂ, ಫಾಂಟನ್ನೇ ಹೊತ್ತ ಟಾರ್ ಇನ್ನೊಂದೂ ಕಾಣುವುವು.

ಪೈಥಾನ್ ಭಾಷೆಯ ಭಂಡಾರದಲ್ಲಿ ಮಾತ್ರ ಬಹುಕಾಲ ಬಗೆಬಗೆಯ ಕಟ್ಟುಗಳಿಗೆಲ್ಲ ಪ್ರವೇಶವಿದ್ದಿತು. 2016ರಲ್ಲಿ ಬಳಕೆ ತಪ್ಪಿದವುಗಳನ್ನು ಕೈಬಿಡುವ ಪ್ರಸ್ತಾವ ಬಂದು, ಮೂಲಸಂಕೇತಕ್ಕೆ ಜಿಜಿಪ್‌ನಿಂದ ಕುಗ್ಗಿಸಿದ ಟಾರ್ ಮತ್ತು ಜಿಪ್ ಎರಡೇ ಉಳಿಯತಕ್ಕವೆಂದಾಯಿತು. 2020ರಲ್ಲಿ ಮಂಡಿತವಾದ ಮತ್ತೊಂದು ಪ್ರಸ್ತಾವ ಅದನ್ನೂ ಕಿರಿದುಗೊಳಿಸಿ ಟಾರ್ ಒಂದನ್ನೇ ಎತ್ತಿಹಿಡಿಯಿತು. ಸಿದ್ಧಗೊಂಡ ಲೈಬ್ರರಿಗಳಿಗೆಂದಿರುವ 'ವೀಲ್' ಎಂಬುದು ಜಿಪ್ಪಿನ ಇನ್ನೊಂದು ವೇಷ.

ಕನ್ನಡಿಗರಿಗೆ ಈ ಇತಿಹಾಸದಲ್ಲಿ ನೇರವಾಗಿ ತಟ್ಟುವ ಸಂಗತಿಯೊಂದಿದೆ. ಜಿಪ್ಪಿನ ಮೊದಲ ನಿಯಮಗಳು ಕಡತದ ಹೆಸರಿಗೆ ಅಮೆರಿಕದ ಪರ್ಸನಲ್ ಕಂಪ್ಯೂಟರಿನ ಅಕ್ಷರಗಣವನ್ನಷ್ಟೇ ಬಲ್ಲವಾಗಿದ್ದುವು. 2006ರಲ್ಲಿ, ಕನ್ನಡವನ್ನೂ ಬರೆಯಬಲ್ಲ ಯುಟಿಎಫ್-8 ಸಂಕೇತದ ಹೆಸರುಗಳನ್ನು ಗುರುತಿಸುವ ಬಿಟ್ ಒಂದನ್ನು ಅದಕ್ಕೆಂದೇ ಮೀಸಲಿಡಲಾಯಿತು. ಆ ಬಿಟ್ಟನ್ನು ಲಕ್ಷಿಸದ ಉಪಕರಣದಲ್ಲಿ 'ಪದಕೋಶ' ಎಂಬ ಕಡತವನ್ನು ಬಿಚ್ಚಿದರೆ ಗೆರೆಗಳೂ ಚೌಕಗಳೂ ಬೆರೆತ ಅಕ್ಷರರಾಶಿಯೊಂದು ಹೆಸರಿನ ಸ್ಥಾನದಲ್ಲಿ ಎದುರಾಗುವುದು; ಒಳಗಣ ಪಠ್ಯ ಅಕ್ಷತವಾಗಿದ್ದರೂ ಪಡೆದವನು ಕಡತವೇ ಕೆಟ್ಟಿತೆಂದು ಭಾವಿಸುವನು.

ಕನ್ನಡದ ಪದಪರೀಕ್ಷಕವನ್ನೋ ಲಿಪ್ಯಂತರದ ಲೈಬ್ರರಿಯನ್ನೋ ಹೊರತರುವ ಮಿತ್ರರು ಹೊಸ ಕಟ್ಟನ್ನು ಕಲ್ಪಿಸುವ ಶ್ರಮವನ್ನು ಬಿಟ್ಟು, ಟಾರ್ ಅಥವಾ ಜಿಪ್ಪನ್ನೇ ಆರಿಸಿಕೊಳ್ಳಲಿ. ಕಡತಕ್ಕೆ ಕನ್ನಡದ ಹೆಸರನ್ನಿಟ್ಟು, ಬೇರೊಂದು ಯಂತ್ರದಲ್ಲಿ ಒಮ್ಮೆ ಬಿಚ್ಚಿ ನೋಡಿದ ಬಳಿಕವೇ ಅದನ್ನು ಹಂಚಲಿ.