ಸ್ಪ್ರಿಂಗಿನ ಬಿಗಿ ಅಳೆದ ಕಥೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ತುಮಕೂರು ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳಿಗೆ ಪರಿಚಿತವಾದ ಪ್ರಯೋಗವೊಂದಿದೆ. ಸ್ಟ್ಯಾಂಡಿಗೆ ಸ್ಪ್ರಿಂಗೊಂದನ್ನು ತೂಗುಹಾಕಿ, ಅದರ ತುದಿಗೆ ಒಂದೊಂದೇ ತೂಕ ಸೇರಿಸುತ್ತ, ಎಷ್ಟು ಹಿಗ್ಗಿತೆಂದು ಸ್ಕೇಲಿನಲ್ಲಿ ನೋಡಿ ಬರೆದುಕೊಳ್ಳುವುದು. 100 ಗ್ರಾಂಗೆ 2 ಸೆಂ.ಮೀ. ಹಿಗ್ಗಿದರೆ 200 ಗ್ರಾಂಗೆ 4 ಸೆಂ.ಮೀ. ಗ್ರಾಫಿನಲ್ಲಿ ಇದು ನೇರ ಗೆರೆ. ಅದರಿಂದ ದೊರೆಯುವುದೇ ಸ್ಪ್ರಿಂಗಿನ ಬಿಗಿ, ಅಂದರೆ ಬಲ ಸ್ಥಿರಾಂಕ. ಇಲ್ಲಿ ಅದು ಮೀಟರಿಗೆ ಸುಮಾರು 49 ನ್ಯೂಟನ್.

ಅಂಕಗಳಿಗಾಗಿ ಮಾಡುವ ಈ ಪ್ರಯೋಗಕ್ಕೆ ಮುನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಎಳೆದ ಬಲಕ್ಕೆ ತಕ್ಕಂತೆ ಸ್ಪ್ರಿಂಗ್ ಹಿಗ್ಗುತ್ತದೆ ಎಂಬುದನ್ನು ಕಂಡುಕೊಂಡವನು ಇಂಗ್ಲೆಂಡಿನ ರಾಬರ್ಟ್ ಹುಕ್ (1635-1703). ಸ್ಪ್ರಿಂಗ್ ಗಡಿಯಾರದ ಶ್ರೇಯಸ್ಸು ಯಾರದೆಂದು ಆಗ ಡಚ್ ವಿಜ್ಞಾನಿ ಹೈಗೆನ್ಸ್‌ನೊಡನೆ ಅವನಿಗೆ ಜಟಾಪಟಿ ನಡೆದಿತ್ತು. ತನ್ನ ಶೋಧ ಅನ್ಯರ ಪಾಲಾಗಬಾರದೆಂದು 1676ರಲ್ಲಿ ಹುಕ್ ಅದನ್ನು ಲ್ಯಾಟಿನ್ ಅಕ್ಷರಗಳ ಒಗಟಾಗಿ ಪ್ರಕಟಿಸಿದ. ಒಗಟನ್ನು ಬಿಡಿಸಿ ಹೇಳಿದ್ದು 1678ರಲ್ಲಿ.

ಎರಡು ತಟ್ಟೆಯ ತಕ್ಕಡಿಗೆ ತೂಕದ ಕಲ್ಲು ಬೇಕೇ ಬೇಕು. ಹುಕ್‌ನ ನಿಯಮ ಆ ಕಲ್ಲನ್ನು ಅನಗತ್ಯಗೊಳಿಸಿತು. ಸ್ಪ್ರಿಂಗ್ ಹಿಗ್ಗಿದ ಉದ್ದವೇ ತೂಕ ಹೇಳತೊಡಗಿತು. 18ನೇ ಶತಮಾನದ ಉತ್ತರಾರ್ಧದಲ್ಲಿ ಬಿಲ್‌ಸ್ಟನ್‌ನ ರಿಚರ್ಡ್ ಸಾಲ್ಟರ್ ಸ್ಪ್ರಿಂಗ್ ತಕ್ಕಡಿಗಳನ್ನು ತಯಾರಿಸಿದ. ಆ ಹೆಸರು ನಮ್ಮ ಹಳ್ಳಿಗಳಿಗೂ ಬಂದಿದೆ. ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ, ಮಗುವನ್ನು ಜೋಲಿಯಂಥ ಚೀಲದಲ್ಲಿ ಕೂರಿಸಿ ತೂಗುವ ದುಂಡು ಮುಖದ ತಕ್ಕಡಿಗೆ ಸಾಲ್ಟರ್ ತಕ್ಕಡಿ ಎಂದೇ ಹೆಸರು.

ಆದರೆ ಹುಕ್‌ನ ನಿಯಮಕ್ಕೆ ಒಂದು ಮಿತಿಯಿದೆ. ಅತಿಯಾಗಿ ಎಳೆದ ಸ್ಪ್ರಿಂಗ್ ತನ್ನ ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಆಗ ಖಾಲಿ ತಕ್ಕಡಿಯ ಮುಳ್ಳು ಸೊನ್ನೆಯನ್ನು ದಾಟಿ ನಿಲ್ಲುತ್ತದೆ. ಅದು ಅರ್ಧ ಕಿಲೋ ಮುಂದಿದ್ದರೆ ಎಂಟೂವರೆ ಕಿಲೋದ ಮಗು ಒಂಬತ್ತು ಕಿಲೋ ತೂಗುತ್ತದೆ. ಸೊರಗಿದ ಮಗು ಬೆಳವಣಿಗೆಯ ಪಟ್ಟಿಯಲ್ಲಿ ಗಟ್ಟಿಮುಟ್ಟಾಗಿ ಕಾಣುತ್ತದೆ. ಪೌಷ್ಟಿಕ ಆಹಾರ, ವೈದ್ಯರ ಗಮನ ಎರಡೂ ತಪ್ಪಿಹೋಗಬಹುದು.

ಇದಕ್ಕೆ ಮದ್ದು ಪ್ರಯೋಗಶಾಲೆಯಲ್ಲೇ ಇದೆ. ತೂಕ ಏರಿಸುವಾಗಿನ ಅಳತೆಯ ಜೊತೆಗೆ ಇಳಿಸುವಾಗಿನ ಅಳತೆಯನ್ನೂ ಬರೆಯಬೇಕೆಂಬ ಪಾಠ ಅದು. ಎರಡೂ ಒಂದೇ ಆಗಿದ್ದರೆ ಸ್ಪ್ರಿಂಗ್ ನಂಬಿಕೆಗೆ ಅರ್ಹ. ತೂಗುವ ಮುನ್ನ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಿ, ಗೊತ್ತಿರುವ ತೂಕವೊಂದನ್ನು ತೂಗಿಹಾಕಿ ಪರೀಕ್ಷಿಸಲು ಎರಡು ನಿಮಿಷ ಸಾಕು.