ಲೋಟದ ತಳದ ನಾಲ್ಕು ಅಕ್ಷರ: ಒಂದು ತಪ್ಪು ಓದಿನ ವಿಚಾರ

ಕಾರ್ಕಳ ಸೀಮೆಯ ಒಂದು ಹಳೆಯ ಮನೆಯಲ್ಲಿರುವ ಬಣ್ಣದ ಗಾಜಿನ ಲೋಟಗಳ ಬಗ್ಗೆ ನಮ್ಮ ಹಿರಿಯ ಸಂಶೋಧಕರೊಬ್ಬರು ಉಪನ್ಯಾಸದಲ್ಲಿ ಆಡಿದ ಮಾತು ಈಗ ಸಿದ್ಧಾಂತವೇ ಆಗಿಹೋಗಿದೆ. ಲೋಟದ ತಳದಲ್ಲಿ ಇಂಗ್ಲಿಷಿನ ಜೆ, ಎ, ಐ, ಎನ್ ಎಂಬ ಅಕ್ಷರಗಳು ಉಬ್ಬಾಗಿ ಮೂಡಿವೆ. ಆದಕಾರಣ ಇವು ಜೈನರಿಗೆಂದೇ ಮಾಡಿಸಿದವು, ಬೆಲ್ಜಿಯಂನಿಂದ ತರಿಸಿದವು, 1925ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ನೆನಪಿಗೆ ಹಂಚಿದವು. ಹೇಳಿಕೆ ಮೂರು, ಮೂರಕ್ಕೂ ಆಧಾರ ಆ ನಾಲ್ಕೇ ಅಕ್ಷರ. (ಶಾಸನ ಓದುವುದನ್ನು ನಾನು ಕಲಿತದ್ದು ಅವರಿಂದಲೇ. ಆ ಋಣಕ್ಕೆ ಇಷ್ಟು ದಿನ ಸುಮ್ಮನಿದ್ದೆ.)

ಅಕ್ಷರಗಳನ್ನು ಅವರು ಓದಿದ್ದು ಸರಿಯಾಗಿಯೇ ಇದೆ. ಅರ್ಥ ಹಚ್ಚಿದ್ದರಲ್ಲಿ ಎಡವಿದ್ದಾರೆ. ನಮ್ಮ ಕಡೆ ಹಿತ್ತಾಳೆ ತಂಬಿಗೆಗೋ ಹರಿವಾಣಕ್ಕೋ ಚುಕ್ಕಿ ಕೊರೆಸಿ ಹೆಸರು ಹಾಕಿಸುವ ರೂಢಿ ಇದೆ. ಅಲ್ಲಿ ಇರುವುದು ಮನೆಯವರ ಹೆಸರು, ದಾನಿಯ ಹೆಸರು, ಹೆಚ್ಚೆಂದರೆ ಊರಿನ ಹೆಸರು. ತನ್ನ ಪಾತ್ರೆಯ ಮೇಲೆ ಯಾರೂ ‘ಬ್ರಾಹ್ಮಣ’ ಎಂದೋ ‘ಬಂಟ’ ಎಂದೋ ಬರೆಸಿಕೊಂಡದ್ದನ್ನು ನಾನು ಕಂಡಿಲ್ಲ. ತುಳುನಾಡಿನ ಹಳೆಯ ಜೈನ ಮನೆತನಗಳು ಬಲ್ಲಾಳ, ಅಜಿಲ, ಆರಿಗ, ಹೆಗ್ಡೆ, ಇಂದ್ರ ಎಂದು ಗುರುತಿಸಿಕೊಂಡವೇ ಹೊರತು ಇಂಗ್ಲಿಷ್ ಅಕ್ಷರದಲ್ಲಿ ‘ಜೈನ್’ ಎಂದು ಅಲ್ಲ. ಜೈನ್ ಎಂಬುದು ಅಡ್ಡಹೆಸರಾಗಿ ಬಳಕೆಯಲ್ಲಿದ್ದದ್ದು ಉತ್ತರದ ಕಡೆ. ಅಲ್ಲಿಗೆ ಒಮ್ಮೆ ಹೋಗಿ ನೋಡಿದ್ದರೆ ಸಾಕಿತ್ತು.

ಆಗ್ರಾ ಬಳಿಯ ಫಿರೋಜಾಬಾದ್ ಬಳೆಗಳಿಗೆ ಹೆಸರಾದ ಊರು. 1920ರ ದಶಕದ ಕೊನೆಯಲ್ಲಿ ಛದಾಮೀಲಾಲ್ ಜೈನ್ ಅಲ್ಲಿ ಜೈನ್ ಗ್ಲಾಸ್ ವರ್ಕ್ಸ್ ಕಾರ್ಖಾನೆ ತೆರೆದರು. ಆನೆ, ಮೀನು, ಹಿಡಿದ ಕೈ ಇಂಥ ಆಕಾರದ ಹೂದಾನಿಗಳೂ ಹೊಳಪಿನ ಲೋಟಗಳೂ ಅಲ್ಲಿ ತಯಾರಾದವು. ನಮ್ಮ ಲೋಟದ ತಳದ ನಾಲ್ಕು ಅಕ್ಷರ ಆ ಕಾರ್ಖಾನೆಯ ಹೆಸರೇ. ಈ ಸರಕನ್ನು ಭಾರತದ್ದೆಂದು ಗುರುತಿಸಿ ಲೋಕಕ್ಕೆ ತಿಳಿಸಿದವರಲ್ಲಿ ಇಂಗ್ಲೆಂಡಿನ ಗ್ಲೆನ್ ಮತ್ತು ಸ್ಟೀಫನ್ ಥಿಸಲ್‌ವುಡ್ ದಂಪತಿ ಮುಖ್ಯರು. ಅವರ ಬರಹ ನಮ್ಮ ಹಿರಿಯರ ಕಣ್ಣಿಗೆ ಬಿದ್ದಂತಿಲ್ಲ. ಲೋಟದ ತಳದ ಅದೇ ಜಾಗದಲ್ಲಿ ಬೇರೆ ಕಾರ್ಖಾನೆಗಳ ಹೆಸರು, ಮೊದಲಕ್ಷರ ಅಚ್ಚಾದ ಭಾರತದ ಲೋಟಗಳೂ ಸಿಕ್ಕಿವೆ. ಅವನ್ನೆಲ್ಲ ಯಾವ ಯಾವ ಮತದ ಲೆಕ್ಕಕ್ಕೆ ಬರೆಯುವುದು?

ಛದಾಮೀಲಾಲರು ಫಿರೋಜಾಬಾದಿನಲ್ಲಿ ಜಿನಮಂದಿರ ಕಟ್ಟಿಸಿದವರು, ಅಲ್ಲಿ 1976ರಲ್ಲಿ ಸುಮಾರು 45 ಅಡಿಯ ಬಾಹುಬಲಿಯೂ ನಿಂತ ಎಂಬುದನ್ನು ಹಿರಿಯರ ಪರವಾಗಿ ಹೇಳಬಹುದು. ನಿಜವೇ. ಆದರೆ ಮಾಲೀಕನ ಭಕ್ತಿ ಬೇರೆ, ಮಾಲಿನ ಮುದ್ರೆ ಬೇರೆ. 1925ರಲ್ಲಿ ಈ ಕಾರ್ಖಾನೆ ಇರಲೇ ಇಲ್ಲ. ಅಲ್ಲದೆ ಅಭಿಷೇಕಕ್ಕೆ ಬೇಕಾದದ್ದು ಕಲಶ, ಗಾಜಿನ ಲೋಟಕ್ಕೆ ಅಲ್ಲಿ ಏನು ಕೆಲಸ?

ಬೆಲ್ಜಿಯಂ ವಿಷಯ. ನಮ್ಮಲ್ಲಿ ಚೆನ್ನಾಗಿರುವ ಗಾಜೆಲ್ಲ ‘ಬೆಲ್ಜಿಯಂ’, ಹಳೆಯ ಬೀಗವೆಲ್ಲ ‘ಅಲಿಘರ್’ ಎನ್ನುವ ಹಾಗೆ. ಆ ಮನೆಯ ಲೋಟವೊಂದನ್ನು ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಗಾಜು ಬಣ್ಣವಿಲ್ಲದ್ದು. ಚೆಂಡುಹೂವಿನ ಕಿತ್ತಳೆ ಬರೀ ಮೇಲ್ಮೈಯಲ್ಲಿದೆ, ವಾಲಿಸಿದರೆ ನೀರಿಗೆ ಬಿದ್ದ ಎಣ್ಣೆಯಂತೆ ಹಸಿರು-ನೇರಳೆ ಸುಳಿಯುತ್ತದೆ. ಗಾಜು ಇನ್ನೂ ಬಿಸಿಯಿರುವಾಗ ತವರ, ಕಬ್ಬಿಣಗಳ ಲವಣದ್ರಾವಣ ಸಿಂಪಡಿಸಿದರೆ ಬರುವ ಹೊಳಪು ಇದು. ಅಮೆರಿಕದ ಫೆಂಟನ್ ಕಾರ್ಖಾನೆ 1907ರಲ್ಲಿ ಇಂಥ ಸರಕನ್ನು ಮಾರುಕಟ್ಟೆಗೆ ಬಿಟ್ಟಿತು. ‘ಕಾರ್ನಿವಲ್ ಗ್ಲಾಸ್’ ಎಂಬ ಹೆಸರು ಅಂಟಿದ್ದು ಬಹಳ ತಡವಾಗಿ. ಹೊಳಪು ಅಲ್ಲಿಯೂ ಇದೆ, ಇಲ್ಲಿಯೂ ಇದೆ. ತೀರ್ಪು ಕೊಡಬೇಕಾದದ್ದು ಬೆರಳು. ಒಳಗೆ ತೋರುಬೆರಳು ಇಳಿಸಿ ಸವರಿದೆ. ಹೊರಗೆ ಬಳ್ಳಿ ಉಬ್ಬಿದ ಕಡೆಯೆಲ್ಲ ಒಳಗೆ ತಗ್ಗು ಸಿಕ್ಕಿತು. ಪಡಿಯಚ್ಚಿನಲ್ಲಿ ಒತ್ತಿ ಮಾಡಿದ ಲೋಟವಾಗಿದ್ದರೆ ಒಳಮೈ ನುಣ್ಣಗಿರಬೇಕು, ಒತ್ತುವ ಗೂಟ ಅದನ್ನು ಸಮ ಮಾಡಿರುತ್ತದೆ. ಇದು ಅಚ್ಚಿನೊಳಗೆ ಊದಿದ ಲೋಟ. ಅದಕ್ಕೇ ಕೈಯಲ್ಲಿ ಹಗುರ. ಊದುಕೊಳವೆಯಿಂದ ಕತ್ತರಿಸಿ ಉಜ್ಜಿದ ಬಾಯಂಚು ತುಟಿಗೆ ಸ್ವಲ್ಪ ಒರಟು. ನಡುವೆ ಮಸುಕುಗಾಜಿನ ಪಟ್ಟಿ. ಹಳೆಯ ಅಮೆರಿಕನ್ ಕಾರ್ನಿವಲ್ ಬಹುಪಾಲು ಒತ್ತಿದ್ದು, ಯುರೋಪಿನದೂ ಹಾಗೆಯೇ. ಊದಿದ ತೆಳುಮೈ, ಮಸುಕುಪಟ್ಟಿ, ತಳದ ಹೆಸರು ಮೂರೂ ಕೂಡಿದ ಮೇಲೆ ಲೋಟ ಫಿರೋಜಾಬಾದಿನದ್ದು ಎಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಕಾಲದ ವಿಚಾರದಲ್ಲಿ ಮಾತ್ರ ನಾನು ನಿಧಾನಿ. ಮುದ್ರೆ ಇದ್ದರೆ ಹಳೆಯದು ಎನ್ನುವ ನಂಬಿಕೆ ನಮ್ಮ ವ್ಯಾಪಾರಿಗಳಲ್ಲಿದೆ, ಕೆಲವು ವಿದ್ವಾಂಸರಲ್ಲೂ ಇದೆ. ಫೆಂಟನ್‌ನ ಹಳೆಯ ಕಾರ್ನಿವಲ್ ಮೇಲೆ ಅಚ್ಚಿನ ಹೆಸರೇ ಇಲ್ಲ, ಅದು ಬಂದದ್ದು 1970ರಲ್ಲಿ. ಅಲ್ಲಿ ಹೆಸರಿದ್ದರೆ ಹೊಸದು! ಮುದ್ರೆ ಇರುವುದು ಅಚ್ಚಿನಲ್ಲಿ. ಅಚ್ಚು ಕಬ್ಬಿಣದ್ದು, ಹತ್ತಾರು ವರ್ಷ ಬಾಳುತ್ತದೆ, ಕಾರ್ಖಾನೆ ಮುಚ್ಚಿದರೆ ಮಾರಾಟವಾಗಿ ಇನ್ನೊಬ್ಬರ ಕುಲುಮೆ ಸೇರುತ್ತದೆ. ಶಾಸನಗಳಲ್ಲೂ ಇದೇ ತೊಡಕು: ಗಂಗ ಅರಸರ ತಾಮ್ರಶಾಸನಗಳನ್ನು ಶಾಸನತಜ್ಞ ಫ್ಲೀಟ್ ಕೂಟವೆಂದು, ಅಂದರೆ ನಕಲಿಯೆಂದು, ತಳ್ಳಿದ್ದು, ಇನ್ನೊಬ್ಬ ಶಾಸನತಜ್ಞ ರೈಸ್ ಸಮರ್ಥಿಸಿದ್ದು ಗೊತ್ತಿರುವ ಕಥೆ. (ನಾನು ಮನಸ್ಸಿನಲ್ಲಿ ರೈಸರ ಪಕ್ಷದವನು, ಆದರೆ ಈ ಒಂದು ಪಾಠ ಫ್ಲೀಟರದು: ಬರಹ ಹೇಳುವ ಕಾಲ, ತಗಡು ಕೆತ್ತಿದ ಕಾಲ ಒಂದೇ ಆಗಬೇಕಿಲ್ಲ.) ಗಾಜಿನೊಳಗಿನ ಗುಳ್ಳೆಗಳನ್ನು ತೋರಿಸಿ ವಯಸ್ಸು ಹೇಳುವವರೂ ಇದ್ದಾರೆ. ಗುಳ್ಳೆ ಕುಲುಮೆಯ ಅವಸರವನ್ನು ಹೇಳುತ್ತದೆ, ವರ್ಷವನ್ನಲ್ಲ. ತಳದ ಅಂಚಿನ ಸವಕಲು ಹೆಚ್ಚು ನಂಬಿಕೆಯ ಸಾಕ್ಷಿ. ಈ ಲೋಟದಲ್ಲಿ ಅದು ಒಂದೇ ದಿಕ್ಕಿನ ಗೀರಾಗಿರದೆ ಅಡ್ಡಾದಿಡ್ಡಿ ನವಿರಾಗಿದೆ, ಕಡಪ ಕಲ್ಲಿನ ಮೇಲೆ ಇಟ್ಟು ತೆಗೆದು ಬಳಸಿದ್ದು. ಆದರೆ ಅದೂ ಹೇಳುವುದು ಬಳಕೆಯನ್ನೇ. ಆದ್ದರಿಂದ ಕಾರ್ಖಾನೆ ಹುಟ್ಟಿದ್ದಕ್ಕಿಂತ ಹಿಂದಿನದಲ್ಲ ಎಂಬಲ್ಲಿಗೆ ನಿಲ್ಲುತ್ತೇನೆ.

ಅದೇ ಮನೆಯ ಇನ್ನೊಂದು ಲೋಟ ಹಿರಿಯರ ಬಳಿ ಇದೆ. ಅದರ ತಳದಲ್ಲಿ ಅಕ್ಷರಗಳಿಲ್ಲವಂತೆ, ಹಾಗಾಗಿ ಅದು ‘ನಕಲು’ ಅಂತೆ. ಒಳಮೈಗೆ ಬೆರಳಿಟ್ಟು ನೋಡಲು ಅನುಮತಿ ಕೇಳಿ ಎರಡು ಕಾಗದ ಬರೆದಿದ್ದೇನೆ.